ಟೀಗ್ ತಟ್ಟಿದ ಮೂಲೆ

ಕಾರು ತೊಳೆದು ಒರೆಸಿ ಆಗಿತ್ತು. ಒರೆಸಿದ್ದನ್ನೇ ಮತ್ತೆ ಒರೆಸುವುದಕ್ಕೆ ಲೈಲ್ ಬೆಟನ್‌ಕೋರ್ಟ್‌ಗೆ ಒಂದು ನೆಪ ಬೇಕಿತ್ತು. ಹಿಂದಿನ ಬಲಮೂಲೆಯ ಪಕ್ಕ ನಿಂತು ಮೆತ್ತನೆಯ ಬಟ್ಟೆಯನ್ನು ಗುಂಡಗೆ ಆಡಿಸುತ್ತ, ಇಲ್ಲೊಂದು ನೊಣ ಕೂತಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಟುಲೇರಿಯಲ್ಲಿ ನೊಣಕ್ಕೇನು ಬರವೇ. ಊರ ಸುತ್ತ ಮನುಷ್ಯರಿಗಿಂತ ಹಸುಗಳೇ ಹೆಚ್ಚು, ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಕೊಟ್ಟಿಗೆಯ ವಾಸನೆಯನ್ನು ಹೊತ್ತುಕೊಂಡೇ ಬರುತ್ತದೆ. ಆದರೆ ಆ ಮೂಲೆಯಲ್ಲಿ ಕೂತಿದ್ದದ್ದು ನೊಣವಲ್ಲ. ಬಣ್ಣದ ಕೆಳಗೆ, ಅಂಗೈ ಅಗಲದಷ್ಟು, ತಗಡಿನ ಸುಕ್ಕು ಮುಚ್ಚುವ ಪ್ಲಾಸ್ಟಿಕ್ ಪುಟ್ಟಿ ಕೂತಿತ್ತು. ಕತೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆ ಗಿಳಿಯೊಳಗೆ ಬಚ್ಚಿಟ್ಟು ಹಾಯಾಗಿ ಗೊರಕೆ ಹೊಡೆಯುತ್ತಾನೆ. ಲೈಲ್‌ಗೆ ರಾಕ್ಷಸನಷ್ಟೂ ಬುದ್ಧಿಯಿರಲಿಲ್ಲ. ತನ್ನ ಪ್ರಾಣವನ್ನು ಊರೆಲ್ಲರ ಕಣ್ಣೆದುರು, ಜೂನ್ ತಿಂಗಳ ಬಿಸಿಲಲ್ಲಿ, ಮೂವತ್ತೆರಡನೇ ಇಸವಿಯ ಫೋರ್ಡ್ ಕಾರಿನ ಛಾವಣಿಯ ಮೂಲೆಯಲ್ಲಿಟ್ಟು, ಮೇಲೆ ಪದರದ ಮೇಲೆ ಪದರ ಕಪ್ಪು ಬಣ್ಣ ಬಳಿದು, ಅದರ ಮುಂದೆ ತಾನೇ ಕಾವಲು ನಿಂತಿದ್ದ.

ಎರಡು ಸಾಲು ಆಚೆಯಿಂದ ಸದ್ದು ಕೇಳಿಸಿತು. ಟಕ್. ಆಮೇಲೆ ಮೌನ. ಆಮೇಲೆ ಟಕ್ ಟಕ್. ಮರಕುಟಿಕವೊಂದು ಮರದಿಂದ ಮರಕ್ಕೆ ಹಾರಿ ಹತ್ತಿರ ಬರುತ್ತಿರುವ ಹಾಗೆ.

"ಕೂತ್ಕೊ ಲೈಲ್," ಮಡಚುವ ಕುರ್ಚಿಯಲ್ಲಿ ಕಾಲು ಚಾಚಿ ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದ ಹೆಂಡತಿ ನಡೀನ್ ಅಂದಳು. "ಹೀಗೇ ಉಜ್ತಾ ಇದ್ರೆ ಬಣ್ಣ ಹೋಗಿ ಒಳಗಿರೋದೆಲ್ಲ ಆಚೆ ಬರುತ್ತೆ."

ಒಳಗಿರೋದು ಅಂದಳಲ್ಲ, ಯಾಕೆ ಅಂದಳು? ಲೈಲ್ ತಿರುಗಿ ಅವಳ ಮುಖ ನೋಡಿದ. ಬೀಜದ ಸಿಪ್ಪೆಯನ್ನು ಬಟ್ಟಲಿಗೆ ಉಗುಳುತ್ತಿದ್ದ ಆ ಮುಖದಲ್ಲಿ ಸಿಪ್ಪೆಯ ಯೋಚನೆ ಬಿಟ್ಟು ಬೇರೇನೂ ಕಾಣಲಿಲ್ಲ. ಸುತ್ತ ಹುಲ್ಲಿನ ಮೇಲೆ ಸಾಲುಸಾಲಾಗಿ ಹಾಟ್ ರಾಡ್‌ಗಳು ನಿಂತಿದ್ದವು. ಛಾವಣಿ ಕೊಯ್ದು ಇಳಿಸಿ, ಹೊಟ್ಟೆಗೆ ದೊಡ್ಡ ಎಂಜಿನ್ನು ತುರುಕಿಸಿಕೊಂಡ, ಅಜ್ಜಂದಿರ ಕಾಲದ ಕಾರುಗಳು. ಒಂದೊಂದರ ಪಕ್ಕದಲ್ಲೂ ಒಬ್ಬೊಬ್ಬ ಗಂಡಸು, ಜೀನ್ಸಿನ ಅಂಚನ್ನು ನಾಲ್ಕು ಬೆರಳಷ್ಟು ಮೇಲಕ್ಕೆ ಮಡಚಿ, ಬೋಳಾಗದೆ ಉಳಿದಷ್ಟು ಕೂದಲಿಗೆ ಎಣ್ಣೆ ಬಳಿದು, ಹೊಟ್ಟೆಯನ್ನು ಒಳಕ್ಕೆಳೆದುಕೊಂಡು. ಎಲ್ಲರೂ, ಇಂಥ ಕಾರು ಕಟ್ಟಿ ಈ ಕಡೆಯೆಲ್ಲ ಹೆಸರಾದ ಓರ್ವಲ್ ಟೀಗ್ ಆಗಲು ಹೊರಟವರು. ಆ ಟೀಗ್‌ಗೆ ಈಗ ಎಂಬತ್ತಾರು. ಹುಡುಗನಾಗಿದ್ದಾಗ ಅವನು ಜೀನ್ಸಿನ ಅಂಚು ಮಡಚುತ್ತಿದ್ದದ್ದು ಅದು ಅಣ್ಣನ ಪ್ಯಾಂಟು, ಉದ್ದವಾಗಿತ್ತು ಅನ್ನುವ ಕಾರಣಕ್ಕೆ. ಒಂದು ಕಾರಿಗೆ ಬೂದು ಬಣ್ಣದ ಮೊದಲ ಕೋಟು ಮಾತ್ರ ಬಳಿದು ಓಡಿಸಿದ್ದು ಮೇಲಿನ ಕೋಟಿಗೆ ಗತಿಯಿಲ್ಲದ್ದರಿಂದ. ಈಗ ಅದೇ ಬೂದು ಬಣ್ಣ 'ಟೀಗ್ ಗ್ರೇ' ಎಂಬ ಹೆಸರಿನಲ್ಲಿ ಡಬ್ಬಿಗಟ್ಟಲೆ ಮಾರಾಟವಾಗುತ್ತದೆ. ಎಂಜಿನ್ನಿನ ಪಕ್ಕದ ತಗಡುಗಳಿಲ್ಲದೆ ಅವನು ತಿರುಗಿದ್ದು ಯಾರೋ ಕದ್ದಿದ್ದರಿಂದ. ಈಗ ಆ ತಗಡು ಹಾಕಿಸಿದವನನ್ನು ಮೇಳ ನಡೆಸುವ ಕ್ಲಬ್ಬಿನವರು ಸಾಲಿನ ಕೊನೆಗೆ, ಕಕ್ಕಸಿನ ಪಕ್ಕಕ್ಕೆ ಕಳಿಸುತ್ತಾರೆ. ಎಂಜಿನ್ನಿನ ಫ್ಯಾನಿಗೆ ಸಿಕ್ಕಿ ಅವನ ತೋರುಬೆರಳಿನ ನರ ಹೋಯಿತು, ಹಾಗಾಗಿ ಅವನು ಕಾರುಗಳನ್ನು ನಡುಬೆರಳ ಗೆಣ್ಣಿನಿಂದ ತಟ್ಟುತ್ತಾನೆ. ಹತ್ತೂ ಬೆರಳು ನೆಟ್ಟಗಿರುವ ಈ ಗಂಡಸರೂ ನಡುಬೆರಳ ಗೆಣ್ಣಿನಿಂದಲೇ ತಟ್ಟುತ್ತಾರೆ. ಇದೆಲ್ಲ ಲೈಲ್‌ಗೆ ಗೊತ್ತಿತ್ತು, ಗೊತ್ತಿದ್ದೂ ಅವನ ಜೀನ್ಸಿನ ಅಂಚೂ ಮಡಚಿಯೇ ಇತ್ತು.

ಆ ತಟ್ಟುವುದೇ ಮುಖ್ಯ. ವರ್ಷಕ್ಕೊಮ್ಮೆ, ಈ ಮೇಳದಲ್ಲಿ, ಟೀಗ್ ಸಾಲುಗಳ ನಡುವೆ ನಡೆಯುತ್ತಾನೆ. ಕಾರನ್ನು ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು, ಕಣ್ಣು ಮುಚ್ಚುತ್ತಾನೆ. ತಗಡು ಖಣ್ ಅಂದರೆ, ಅಥವಾ ಹಳೆಯ ಕ್ರಮದಲ್ಲಿ ಸೀಸ ಕಾಯಿಸಿ ತುಂಬಿದ ಕಡೆ ಗಂಭೀರವಾಗಿ ಓಗೊಟ್ಟರೆ, ಜೇಬಿನಿಂದ ಬಡಗಿಯ ಚಪ್ಪಟೆ ಪೆನ್ಸಿಲ್ಲು ತೆಗೆದು, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ತನ್ನ ಹೆಸರಿನ ಎರಡಕ್ಷರ ಗೀಚುತ್ತಾನೆ. ಇಲ್ಲದಿದ್ದರೆ ಒಂದೇ ಮಾತು: ಪುಟ್ಟಿ. ಸೀಸ ಪುಣ್ಯ, ಪ್ಲಾಸ್ಟಿಕ್ ಪುಟ್ಟಿ ಪಾಪ. ಈ ಕಣಿವೆಯಲ್ಲಿ ಇದಕ್ಕಿಂತ ದೊಡ್ಡ ಧರ್ಮ ಲೈಲ್‌ಗೆ ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕ್ಲಬ್ಬಿನ ಜೊತೆಗಾರ ರೇ ಸೌಝಾನ ಕಾರಿಗೆ ಮುದುಕ ಹಾಗೆಂದಾಗ ಅದೇ ಜಾಗದಲ್ಲಿ ಲೈಲ್ ಕೂಡ ನಿಂತಿದ್ದ. ರೇ ಬೆಳ್ಳಗಾದ. ಪುಟ್ಟಿ ಹಾಕಿಲ್ಲ ಅಂತ ತನ್ನ ತಾಯಿಯ ಮೇಲೆ ಆಣೆ ಇಟ್ಟ, ಪಕ್ಕದಲ್ಲೇ ನಿಂತಿದ್ದ ತಾಯಿಯೂ ಹೌದೆಂದಳು. ಮನೆಗೆ ಹೋಗಿ ಎಲ್ಲಿದೆ ಆ ಪುಟ್ಟಿ ಎಂದು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಬಣ್ಣವನ್ನೆಲ್ಲ ಕೆರೆದ, ಬರೀ ತಗಡು ಸಿಕ್ಕಿತು, ಆದರೂ ಎಲ್ಲೋ ಇರಬೇಕು, ಟೀಗ್ ಹೇಳಿದ ಮೇಲೆ ಇಲ್ಲದಿರುತ್ತದೆಯೇ ಎಂದು ಕೊರಗಿ ಕಾರನ್ನೇ ಮಾರಿಬಿಟ್ಟ. ಆ ವಾರ ಕ್ಲಬ್ಬಿನಲ್ಲಿ ಪುಟ್ಟಿಯ ಮೇಲೆ ಉಪನ್ಯಾಸ ಕೊಟ್ಟವನು ಲೈಲ್. ನೆಲಕ್ಕೆ ಕಾರ್ಪೆಟ್ ಹಾಸುವ ಅಂಗಡಿಯವನು, ನೆಲದ ಕೊಳೆ ಮುಚ್ಚುವುದೇ ಹೊಟ್ಟೆಪಾಡಾದವನು, ಎದ್ದು ನಿಂತು, ಮುಚ್ಚಿಡುವ ಕೆಲಸ ಗಂಡಸಿನ ಕೆಲಸವಲ್ಲ ಅಂದಿದ್ದ. ಚಪ್ಪಾಳೆ ಬಿದ್ದಿತ್ತು. ಚಪ್ಪಾಳೆಯ ಬಿಸಿ ಆರುವ ಮೊದಲೇ, ನಡೀನ್ ಹ್ಯಾನ್‌ಫರ್ಡ್ ಊರಿನಲ್ಲಿದ್ದ ತಂಗಿಯ ಮನೆಗೆ ಹೋಗಿದ್ದ ಮಧ್ಯಾಹ್ನ, ಬೆಸುಗೆಯ ಉರಿ ಒಂದಿಷ್ಟು ಹೆಚ್ಚು ಹೊತ್ತು ನಿಂತು ಅವನದೇ ಕಾರಿನ ಛಾವಣಿಯ ಆ ಮೂಲೆ ಕಾದ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುಕ್ಕುಗಟ್ಟಿತು. ಸುತ್ತಿಗೆಯಲ್ಲಿ ಬಡಿದಷ್ಟೂ ಸುಕ್ಕು ಪಕ್ಕಕ್ಕೆ ಸರಿಯುತ್ತಿತ್ತೇ ಹೊರತು ಸಾಯುತ್ತಿರಲಿಲ್ಲ. ಪುಟ್ಟಿಯ ಡಬ್ಬಿ ಕೊಳ್ಳುವುದಕ್ಕೆ ಅವನು ತನ್ನನ್ನು ಯಾರೂ ಗುರುತಿಸದ ಬೇರೊಂದು ಊರಿಗೆ ಹೋದ, ಮದುವೆಯಾದ ಗಂಡಸು ಹೋಗಬಾರದ ಬೀದಿಗೆ ಹೋಗುವ ಹಾಗೆ, ಟೋಪಿಯನ್ನು ಹುಬ್ಬಿನವರೆಗೆ ಇಳಿಸಿಕೊಂಡು.

ಟಕ್ ಟಕ್. ಈಗ ಪಕ್ಕದ ಸಾಲು. ಲೈಲ್ ಓದಿದ ಚರ್ಚಿನ ಶಾಲೆಯಲ್ಲಿ ಶನಿವಾರ ಪಾಪನಿವೇದನೆಗೆ ಸಾಲು ನಿಲ್ಲಿಸುತ್ತಿದ್ದರು. ಒಳಗೆ ಪಾದ್ರಿ ಪುಟ್ಟ ಕಿಟಕಿಯ ಪಟ್ಟಿ ಸರಿಸಿದಾಗಲೆಲ್ಲ ಹೀಗೇ ಟಕ್ ಎನ್ನುತ್ತಿತ್ತು, ಒಬ್ಬೊಬ್ಬ ಹುಡುಗನೂ ಒಂದೊಂದು ಹೆಜ್ಜೆ ಮುಂದೆ ಜರುಗುತ್ತಿದ್ದ. ಲೈಲ್ ಪ್ರತಿ ಸಲವೂ ಚಿಲ್ಲರೆ ಪಾಪಗಳನ್ನು ಧಾರಾಳವಾಗಿ ಒಪ್ಪಿಸಿ, ದೊಡ್ಡದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ಹೊರಗೆ ಬರುತ್ತಿದ್ದ, ಬಂದವನೇ ಎಲ್ಲರಿಗಿಂತ ಜೋರಾಗಿ ಪ್ರಾರ್ಥನೆ ಹೇಳುತ್ತಿದ್ದ. ಸಾಸೇಜು ಸುಡುತ್ತಿದ್ದ ಹೊಗೆ ಇತ್ತ ಬಂತು. ಕಾರು ಓಡಿಸಿಕೊಂಡು ಹೋಗಿಬಿಡಲೇ ಎನ್ನಿಸಿತು. ಎಂಜಿನ್ ಬಿಸಿಯಾಗಿದೆ, ತುರ್ತು ಕೆಲಸ, ಅತ್ತೆಗೆ ಹುಷಾರಿಲ್ಲ. ಅತ್ತೆ ಸತ್ತು ನಾಲ್ಕು ವರ್ಷವಾಗಿತ್ತು. ಬೆನ್ನ ಹಿಂದೆ ಗುಂಪು ಸೇರಿದ ಶಾಖ ತಟ್ಟಿದಾಗ ಅವನ ಕೈಯಲ್ಲಿದ್ದ ಬಟ್ಟೆ ಇನ್ನೂ ಗುಂಡಗೆ ತಿರುಗುತ್ತಲೇ ಇತ್ತು.

"ಯಾರದ್ಲಾ ಈ ಕರೀ ಎಮ್ಮೆ?"

ಮುದುಕ ಮಗಳು ವಾಂಡಾಳ ಮೊಳಕೈ ಹಿಡಿದು ನಿಂತಿದ್ದ. ಒಕ್ಲಹೋಮಾದ ಧೂಳಿನಿಂದ ಓಡಿ ಬಂದ ಅಪ್ಪ ಅಮ್ಮನ ಮಾತಿನ ವರಸೆ ಅವನ ಬಾಯಿಂದ ಇನ್ನೂ ಹೋಗಿರಲಿಲ್ಲ. ಗುಂಪು ನಕ್ಕಿತು. ಟೀಗ್ ಎಮ್ಮೆ ಅಂದರೆ ಅದೂ ಒಂದು ಆಶೀರ್ವಾದವೇ.

"ನಂದೇ, ಮಿಸ್ಟರ್ ಟೀಗ್. ಲೈಲ್ ಬೆಟನ್‌ಕೋರ್ಟ್. ಹತ್ತು ಹನ್ನೊಂದು ವರ್ಷದ ಕೆಲಸ." ಗಾಬರಿಗೆ ಅವನ ದನಿ ಕೂಗಿನಷ್ಟೇ ಜೋರಾಗಿ ಬಂತು.

"ಅಷ್ಟ್ ವರ್ಸಾನಾ? ನಾನು ಅಷ್ಟರಲ್ಲಿ ಮೂರ್ ಹೆಂಡ್ರನ್ನ ಕಳ್ಕಂಡಿದ್ದೆ."

ಮತ್ತೆ ನಗು. ವಾಂಡಾ ನಗಲಿಲ್ಲ, ಅವಳಿಗದು ಲೆಕ್ಕ ತಪ್ಪುವಷ್ಟು ಸಲ ಕೇಳಿದ ಹಳೆಯ ಮಾತು. ಮುದುಕ ಬಾನೆಟ್ಟು ತಟ್ಟಿದ. ಖಣ್. ಬಾಗಿಲು ತಟ್ಟಿದ. ಖಣ್. ಛಾವಣಿಯ ಎಡಬದಿ, ಹಿಂಬದಿ. ಲೈಲ್ ಎದೆಯಿಡೀ ಕಾರಿಗೊರಗಿಸಿ ಬಲಮೂಲೆಯನ್ನು ಮುಚ್ಚಿ ನಿಂತ.

"ಈ ಕಡೆ ಬಿಸಿಲು ಜಾಸ್ತಿ ಇದೆ ಸರ್. ಆ ಕಡೆಯಿಂದಾನೇ ಡ್ಯಾಶ್‌ಬೋರ್ಡಿಗೆ ಹೋಗಬಹುದು."

"ಯಾಕ್ಲಾ ಮೊಟ್ಟೆ ಮೇಲೆ ಕುಂತ ಕೋಳಿ ಥರ ನಿಂತಿದ್ದೀಯ? ಸರ್ಕೊ ಅತ್ಲಾಗೆ."

ಸರಿದ. ಸರಿಯದೆ ಗತಿಯಿರಲಿಲ್ಲ. ಮುದುಕ ಬೆರಳು ಮಡಚಿ, ಅಂಗೈ ಅಗಲದ ಆ ಜಾಗದ ನಟ್ಟ ನಡುವೆಯೇ ತಟ್ಟಿದ. ದಬ್. ಹಸಿ ಮಣ್ಣಿನ ಗೋಡೆಗೆ ಗುದ್ದಿದ ಹಾಗೆ, ಹೆಂಡತಿ ಮಾತಾಡುವಾಗ ಗಂಡ ಹೂಂ ಅಂದ ಹಾಗೆ, ಒಂದು ಸತ್ತ ಸದ್ದು. ಲೈಲ್‌ಗೆ ಕೇಳಿಸಿತು. ಎಲ್ಲರಿಗೂ ಕೇಳಿಸಿರಲೇಬೇಕು. ಟೀಗ್ ಕಣ್ಣು ಮುಚ್ಚಿದ. ಗುಂಪಿನಲ್ಲಿ ಯಾರೋ ಕೆಮ್ಮುವುದನ್ನು ಅರ್ಧಕ್ಕೆ ನುಂಗಿದರು. ಇನ್ನೊಂದು ಗಳಿಗೆಯಲ್ಲಿ ಆ ಒಂದು ಮಾತು ಬರುತ್ತದೆ, ಬಂದು ಇದೆಲ್ಲ ಮುಗಿಯುತ್ತದೆ ಎಂದು ಲೈಲ್‌ನ ಮನಸ್ಸು ವಿಚಿತ್ರವಾಗಿ ಹಗುರವೂ ಆಯಿತು.

"ಸೀಸ," ಅಂದ ಟೀಗ್. "ಕೇಳ್ಕಳ್ರಲಾ ಎಲ್ರೂ. ಸೀಸ ತುಂಬಿದ್ ಮೂಲೆ ಹಿಂಗ್ ಮಾತಾಡ್ತದೆ. ಈ ಕೆಲ್ಸ ಕಂಡು ಸ್ಯಾನೆ ಕಾಲಾಯ್ತು." ಪೆನ್ಸಿಲ್ಲು ಹೊರಬಂತು. ಮುಚ್ಚಳದ ಒಳಗೆ ನಡುಗುವ ಎರಡಕ್ಷರ ಬಿದ್ದವು. ಚಪ್ಪಾಳೆ ಸಿಡಿಯಿತು. ಬಿಸಿಲಿಗೆ ಕಾಲು ಸೋತಿದೆ ಎಂದು ವಾಂಡಾ ಮುದುಕನನ್ನು ಅಲ್ಲಿಂದಲೇ ನೆರಳಿಗೆ ಕರೆದುಕೊಂಡು ಹೋದಳು. ಮುಂದಿನ ಸಾಲುಗಳವರು ತಟ್ಟಿಸಿಕೊಳ್ಳದೆ ಉಳಿದರು.

ಸುಖವಾಗಬೇಕಿತ್ತು. ಕೈ ಕುಲುಕಿದರು, ಬೆನ್ನು ಚಪ್ಪರಿಸಿದರು, ವರ್ಷಗಳಿಂದ ಇದೇ ಗಳಿಗೆಯನ್ನು ಕನಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದವನಿಗೆ ಈಗ ಅದು ಕರೆಯದೆ ಹೋದ ಮದುವೆಯ ಊಟದ ಹಾಗೆ ರುಚಿಸಲಿಲ್ಲ. ಅಷ್ಟರಲ್ಲಿ ಫ್ರೆಸ್ನೋದ ದಂತವೈದ್ಯ ಡಾಕ್ಟರ್ ಮನೂಕಿಯನ್, ದುಡ್ಡು ಕೊಟ್ಟು ಕಟ್ಟಿಸಿಕೊಂಡ ಕಾರಿನ ಒಡೆಯ, ಮುಂದೆ ಬಂದು ನಡುಬೆರಳು ಮಡಚಿ ಆ ಮೂಲೆಗೆ ತಟ್ಟಿದ. ದಬ್.

"ಅಬ್ಬಾ," ಅಂದ ಮೆಲ್ಲಗೆ. "ಕೇಳಿದ್ರಾ? ತಳದಲ್ಲೊಂದು ಗುಂಗು ಇದೆ. ಒಂದ್ನಿಮಿಷ ಎಲ್ರೂ ಸುಮ್ನಿರಿ, ರೆಕಾರ್ಡ್ ಮಾಡ್ಕೋತೀನಿ." ಅವನು ಫೋನನ್ನು ಛಾವಣಿಗೆ ಹತ್ತಿರ ಹಿಡಿದ. ಅವನ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ. ಎಲ್ಲರೂ ಸರದಿಯಲ್ಲಿ ಬಂದು ತಟ್ಟಿದರು, ತಟ್ಟಿ ತಲೆಯಾಡಿಸಿದರು. ತಗಡಿನ ಒಳಗಿನಿಂದ ಸತ್ತ ಸದ್ದು ಮತ್ತೆ ಮತ್ತೆ ಎದ್ದಿತು. ಇವರು ಮನೆಗೆ ಹೋಗಿ ತಂತಮ್ಮ ಕಾರುಗಳಲ್ಲಿ ಈ ಸದ್ದನ್ನೇ ಹುಡುಕುತ್ತಾರೆ ಎಂದು ಲೈಲ್‌ಗೆ ಹೊಳೆಯಿತು.

"ಡಾಕ್ಟ್ರೇ, ಅದು ಪುಟ್ಟಿ," ಅಂದ. ತನ್ನ ದನಿಯೇ ತನಗೆ ಹೊಸದೆನ್ನಿಸಿತು.

"ಏನದು?"

"ಸೀಸ ಅಲ್ಲ. ಪ್ಲಾಸ್ಟಿಕ್ ಪುಟ್ಟಿ. ಡಬ್ಬಿದು. ತಗಡು ಸುಕ್ಕಾಯ್ತು, ನಾನೇ ಮೆತ್ತಿದೆ."

ಡಾಕ್ಟರ್ ಅವನನ್ನು ಒಂದು ಗಳಿಗೆ ನೋಡಿ, ಹುಳುಕಿಲ್ಲದ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕ. "ನೋಡಿದ್ರಾ, ನಿಜವಾದ ಕೆಲಸಗಾರ ಅಂದ್ರೆ ಹೀಗೆ. ಗುಟ್ಟು ಬಿಟ್ಕೊಡಲ್ಲ. ಇಟ್ಕೊಳ್ಳಿ ಬಿಡಿ, ನಾವೇನ್ ಕದಿಯಲ್ಲ."

"ಗುಟ್ಟಲ್ಲ ರೀ. ಪುಟ್ಟಿ."

"ಲೇ ಬೆಟನ್‌ಕೋರ್ಟ್," ಕ್ಲಬ್ಬಿನ ಕಾರ್ಯದರ್ಶಿ ಕಾಲ್ವಿನ್ ಸ್ಟ್ರೌಡ್ ಮುಖ ಗಂಟಿಕ್ಕಿದ, "ಟೀಗ್‌ಗಿಂತ ನಿಂಗೆ ಜಾಸ್ತಿ ಗೊತ್ತಾ? ನಿನ್ನ ಕಾರಿನ ವಿಷಯದಲ್ಲಿ ಅವ್ರಿಗೆ ಎದುರು ಮಾತಾಡ್ತೀಯಲ್ಲ, ನಾಚ್ಕೆ ಆಗ್ಬೇಕು."

"ಅವ್ನು ನಿಜಾನೇ ಹೇಳ್ತಿದ್ದಾನೆ," ನಡೀನ್ ಕುರ್ಚಿಯಿಂದಲೇ ಅಂದಳು. "ಅಂಗಡೀಲಿ ಕಾರ್ಪೆಟ್ ಸುರುಳಿ ಹಿಂದೆ ಡಬ್ಬಿ ನೋಡಿದೀನಿ. ಅರ್ಧ ಖಾಲಿ ಆಗಿತ್ತು."

ಗಂಡಸರು ದೊಡ್ಡ ಮನಸ್ಸು ಮಾಡಿ ಅವಳ ಕಡೆ ಮುಗುಳ್ನಕ್ಕರು. ಹೆಂಗಸರಿಗೆ ಡಬ್ಬಿ ಯಾವುದು ಸೀಸ ಯಾವುದು ಎಂದು ಹೇಗೆ ತಿಳಿಯಬೇಕು, ಪಾಪ. ಲೈಲ್ ಮಾತ್ರ ನಗಲಿಲ್ಲ. ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಊಟದ ಮೇಜಿನಲ್ಲಿ ಅವನು ಸೀಸದ ಮಹಿಮೆ ಹೇಳುವಾಗ, ಆಲೂಗಡ್ಡೆ ಬಡಿಸುತ್ತ, ಹೌದಾ ಹೌದಾ ಎನ್ನುತ್ತ, ಗೊತ್ತಿದ್ದೇ ಕೇಳಿದ್ದಳು. ಅವನು ಗುಂಪನ್ನು ಸೀಳಿಕೊಂಡು ಟೀಗ್ ಕೂತಿದ್ದ ದನದ ಪ್ರದರ್ಶನದ ಕೊಟ್ಟಿಗೆಯ ನೆರಳಿನ ಕಡೆ ಹೊರಟ. ಬೇರೆ ಯಾರ ಮಾತಿಗೂ ಬೆಲೆಯಿಲ್ಲ ಅಂದಮೇಲೆ ಆ ಮುದುಕನೇ ಬಂದು, ಎಲ್ಲರೆದುರು, ತಪ್ಪಾಯಿತು ಅನ್ನಬೇಕು. ಅಂದರೆ ತನಗೆ ಬೇಕಾಗಿದ್ದ ಆ ಎರಡಕ್ಷರ ಹೋಗುತ್ತದೆ. ಹೋಗಲಿ. ಕಾರು ತಂದದ್ದೇ ಅದಕ್ಕೆ ಎಂಬುದು ನೆನಪಾಗಿ ಕಾಲು ಒಮ್ಮೆ ನಿಧಾನವಾಯಿತು, ಆದರೆ ನಿಲ್ಲಲಿಲ್ಲ.

ಟೀಗ್ ಹುಲ್ಲಿನ ಮೂಟೆಯ ಮೇಲೆ ಕೂತು ಕಾಗದದ ಬಟ್ಟಲಿನಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದ. ಬೂಟು ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಅವನ ಜೀನ್ಸಿನ ಅಂಚು ಮಡಚಿರಲಿಲ್ಲ. ನೋಡಿದರೆ ಅದು ಜೀನ್ಸೂ ಅಲ್ಲ, ಆಸ್ಪತ್ರೆಗೆ ಹಾಕಿಕೊಂಡು ಹೋಗುವಂಥ ಸಡಿಲ ಪೈಜಾಮ.

"ಮಿಸ್ಟರ್ ಟೀಗ್, ನನ್ನ ಕಾರಿನ ಮೂಲೆಯಲ್ಲಿರೋದು ಸೀಸ ಅಲ್ಲ."

"ಹಾಂ, ವೆನಿಲ್ಲಾ," ಅಂದ ಮುದುಕ.

ವಾಂಡಾ ಎದ್ದು ಲೈಲ್‌ನನ್ನು ಎರಡು ಹೆಜ್ಜೆ ಆಚೆ ಕರೆದಳು. "ಬಲಗಿವಿ ಹೋಗಿ ಎಷ್ಟೋ ವರ್ಷ ಆಯ್ತು. ಎಡಗಿವಿ ಕಳೆದ ಚಳಿಗಾಲದಲ್ಲಿ ಹೋಯ್ತು. ಜೋರಾಗಿ ಕೂಗಿದ್ರೆ ಒಂದಿಷ್ಟು. ಯಾರಿಗೂ ಹೇಳ್ಬೇಡಿ. ವರ್ಷಕ್ಕೊಂದಿನ ಇದಕ್ಕೋಸ್ಕರಾನೇ ತಾವಾಗೇ ಎದ್ದು ಗಡ್ಡ ಬೋಳಿಸ್ಕೋತಾರೆ."

"ಮತ್ತೆ ತಟ್ಟಿ ಕೇಳೋದು?"

ಅವಳು ಅಪ್ಪನ ಕಿವಿಗೆ ಬಾಯಿ ತಂದು ಕೂಗಿದಳು. "ಪುಟ್ಟಿಯಂತೆ ಅಪ್ಪಾ, ಅವ್ರ ಕಾರಲ್ಲಿ. ಯಾಕ್ ತಟ್ತೀರಾ ಅಂತ ಕೇಳ್ತಿದಾರೆ."

ಮುದುಕ ಚಮಚ ನೆಕ್ಕಿ ಲೈಲ್‌ನನ್ನು ಮೇಲಿಂದ ಕೆಳಗೆ ನೋಡಿದ, ಯಾರಿವನು ಎಂದು ನೆನಪಿಸಿಕೊಳ್ಳುವ ಗೋಜಿಗೂ ಹೋಗದೆ. "ಕಣಜದ್ ಹುಳಕ್ಕೆ," ಅಂದ. "ಗುಜರಿ ಅಂಗಳದಾಗೆ ಬಿದ್ದಿರೋ ಕಾರಲ್ಲೆಲ್ಲ ಕಣಜ ಗೂಡ್ ಕಟ್ತಿದ್ವು. ತಟ್ಬುಟ್ಟು, ಕಿವಿ ಕೊಟ್ಟು, ಗುಯ್ ಅನ್ಲಿಲ್ಲ ಅಂದ್ರೆ ಒಳಕ್ ಕೈ ಹಾಕೋದು. ಒಂದ್ ಸಲ ಮಕ ಇಷ್ಟ್ ದಪ್ಪ ಊದಿತ್ತು ನಂಗೆ. ಅಭ್ಯಾಸ ಆಗೋಯ್ತು. ಆಮ್ಯಾಕೆ ಯಾವನೋ ಬಂದು, ಏನ್ ಕೇಳ್ತಿದ್ದೀರಾ ಸ್ವಾಮಿ ಅಂದ. ಕಣಜ ಅನ್ನಕ್ಕೆ ನಾಚ್ಕೆ ಆಯ್ತು, ಪುಟ್ಟಿ ಅಂದೆ."

"ರೇ ಸೌಝಾಗೆ ಪುಟ್ಟಿ ಅಂದ್ರಲ್ಲ. ಅವನ ಕಾರಲ್ಲಿ ಇರಲಿಲ್ಲ," ಲೈಲ್ ಕೂಗಿದ. ಕೊಟ್ಟಿಗೆಯೊಳಗೆ ಹಸುವೊಂದು ತಲೆ ಎತ್ತಿತು.

"ಯಾವನು? ಇರ್ಬೋದು. ಮಾತ್ ಮಾತ್ಗೂ ಬಬಲ್‌ಗಮ್ ಜಗೀತಾರಲ್ಲ, ಅಂಥೋರ್ಗೆ ಅಂತೀನಿ." ಮತ್ತೊಂದು ಚಮಚ ಬಾಯಿಗೆ ಹೋಯಿತು. "ನೋಡ್ಲಾ ಮಗಾ. ನಾನ್ ಹೈದ್ನಾಗಿದ್ದಾಗ ಆ ಡಬ್ಬಿ ಮಣ್ಣು ಸಿಕ್ಕಿದ್ರೆ, ಆ ಸೀಸದ ಹೊಗೆ ಯಾವನ್ ಕುಡೀತಿದ್ದ? ಇಡೀ ಕಾರ್ನೇ ಅದ್ರಾಗ್ ಮಾಡ್ತಿದ್ದೆ. ನಮ್ಗೆ ಜೋರಾಗ್ ಓಡ್ಬೇಕಿತ್ತು, ಅಷ್ಟೆಯ. ನೀವು ಅದೇನ್ ನಿಲ್ಸ್ಕಂಡು ಒರಸ್ತಿರ್ತೀರಪ್ಪಾ."

ಲೈಲ್ ವಾಪಸ್ಸು ನಡೆದ. ಬಿಸಿಲು ನೆತ್ತಿಗೆ ಬಂದಿತ್ತು, ಬೆಟ್ಟಗಳಿರಬೇಕಾದ ಕಡೆ ಬರೀ ಬಿಳಿ ಮಬ್ಬು. ನಗು ಬರಬೇಕಿತ್ತು, ಅಥವಾ ಅಳು. ಎರಡೂ ಬಾರದೆ ತಲೆಯೊಳಗೆ ಕಣಜವೊಂದು ಗೂಡು ಕಟ್ಟುವ ಹಾಗಿತ್ತು. ರೇಯ ಮನೆಗೆ ಹೋಗಿ ಹೇಳಬೇಕು ಎಂದುಕೊಂಡ. ಹೇಳಿದರೆ ರೇ ನಂಬುವುದಿಲ್ಲ ಎಂದೂ ಅದೇ ಉಸಿರಿನಲ್ಲಿ ಅನ್ನಿಸಿ, ಹೋಗದಿರುವುದಕ್ಕೆ ಒಳ್ಳೆಯ ಕಾರಣ ಸಿಕ್ಕಿದ್ದಕ್ಕೆ ಸಮಾಧಾನವಾಯಿತು. ತನ್ನ ಸಾಲಿಗೆ ತಿರುಗುವಾಗ ಗುಂಪು ದಾರಿ ಬಿಟ್ಟಿತು. ದಾರಿ ಬಿಟ್ಟ ಆ ರೀತಿಯನ್ನು ಅವನ ಹೆಗಲುಗಳು ಅವನಿಗಿಂತ ಮೊದಲು ಗಮನಿಸಿ ತಾವಾಗಿಯೇ ಹಿಂದಕ್ಕೆ ಸರಿದು ನೆಟ್ಟಗಾದವು.

"ಬಂದ್ರು, ಬಂದ್ರು," ಅಂದ ಡಾಕ್ಟರ್ ಮನೂಕಿಯನ್. "ಇವ್ರು ಪೋರ್ಟರ್‌ವಿಲ್‌ನಿಂದ ಬಂದಿದ್ದಾರೆ. ಆಚೆ ಸಾಲು. ಟೀಗ್ ಅಲ್ಲಿ ತನಕ ಬರಲೇ ಇಲ್ವಲ್ಲ."

ಮುಂದೆ ನಿಂತವನು ಎತ್ತರದ, ಬಗ್ಗಿದ ಬೆನ್ನಿನ ಮನುಷ್ಯ, ಹೆಸರು ಡ್ವೇನ್ ಆಸ್ಟ್ರಾಂಡರ್. ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. "ನಿಮ್ಮ ಕಾರಿನ ಸದ್ದು ಕೇಳ್ದೆ. ನಂದು ಹಸಿರು ಬಣ್ಣದ್ದು. ಛಾವಣಿ ಪೂರ್ತಿ ಸುತ್ತಿಗೇಲೇ ಎಬ್ಸಿದ್ದು, ಪುಟ್ಟಿ ಇಲ್ಲ, ಸೀಸಾನೂ ಇಲ್ಲ. ನೀವೊಂದ್ಸಲ ಕೇಳಿದ್ರೆ..."

ಇಲ್ಲ ಎನ್ನಬೇಕು ಎಂದು ಲೈಲ್‌ಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುಕೊಂಡೇ ಅವನ ಹಿಂದೆ ನಡೆದ, ಅವರ ಹಿಂದೆ ಗುಂಪು ನಡೆಯಿತು. ಹಸಿರು ಕಾರಿನ ಮುಂದೆ ನಿಂತು ಕೈ ಎತ್ತಿದ, ತಟ್ಟಿದ. ಖಣ್ ಎಂದಿತು. ದೇವಸ್ಥಾನದ ಗಂಟೆಯ ಹಾಗೆ, ತುಂಬಿದ ಬಾವಿಗೆ ಹನಿ ಬಿದ್ದ ಹಾಗೆ, ಶುದ್ಧವಾಗಿ, ಎಷ್ಟೋ ಹೊತ್ತು ನಿಂತು ತಾನಾಗಿ ಕರಗಿತು. ಇದೇ ಸದ್ದಿಗಾಗಿ ತಾನು ಅಷ್ಟು ವರ್ಷ ಶನಿವಾರಗಳನ್ನು ಸುಟ್ಟುಕೊಂಡಿದ್ದ, ಅದು ಈ ಬಗ್ಗಿದ ಬೆನ್ನಿನವನ ಅಂಗಳದಲ್ಲಿ ಯಾರಿಗೂ ಹೇಳದೆ ಹುಟ್ಟಿ ಬೆಳೆದಿತ್ತು. ಇನ್ನೊಂದು ಸಲ ತಟ್ಟಿದ, ಇನ್ನೊಂದು ಸಲ ಅದು ಹಾಡಿತು. ಡಾಕ್ಟರ್ ಫೋನು ಮುಂದೆ ಚಾಚಿದ. ಗುಂಪಿನ ಅಂಚಿನಲ್ಲಿ ನಡೀನ್ ಬಂದು ನಿಂತದ್ದು ಕಾಣಿಸಿತು, ಕಾಣಿಸದಿರಲಿ ಎಂದು ಲೈಲ್ ಕಣ್ಣು ಮುಚ್ಚಿದ.

"ಸ್ವಲ್ಪ ಜಾಸ್ತಿ ಮೊಳಗ್ತಾ ಇದೆ," ಅಂದ.

"ಜಾಸ್ತಿನಾ?"

"ಖಾಲಿ ಪಾತ್ರೆ ಥರ. ಒಳಗೆ ತೂಕ ಇಲ್ಲ."

"ನಂಗೂ ಆ ಅನುಮಾನ ಇತ್ತು," ಅಂದ ಕಾಲ್ವಿನ್ ಸ್ಟ್ರೌಡ್. ಡಾಕ್ಟರ್ ಮನೂಕಿಯನ್ ತನ್ನ ಫೋನಿನಲ್ಲಿದ್ದ ದಬ್ ಸದ್ದನ್ನು ಹಾಕಿ ಕೇಳಿಸಿದ, ಹಸಿರು ಛಾವಣಿಯನ್ನು ತಟ್ಟಿದ, ಎರಡನ್ನೂ ಹೋಲಿಸಿ ನಿಟ್ಟುಸಿರಿಟ್ಟ. ಆಸ್ಟ್ರಾಂಡರ್‌ನ ಮುಖ ನಿಧಾನವಾಗಿ ಕುಸಿಯುವುದನ್ನು, ಕುಸಿಯುತ್ತಲೇ ಅವನು ಅದನ್ನು ಎತ್ತಿ ನಿಲ್ಲಿಸಿಕೊಳ್ಳಲು ಹೆಣಗುವುದನ್ನು ಲೈಲ್ ಕಣ್ಣು ತೆರೆದು ನೋಡಿದ. ಈಗ ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಆಸ್ಟ್ರಾಂಡರ್ ತನ್ನ ಛಾವಣಿಯ ಮೇಲೆ ಅಂಗೈ ಊರಿ, ಸುಮ್ಮನಿರು ಎಂದು ಮಗುವಿಗೆ ಹೇಳುವ ಹಾಗೆ, ಉಳಿದಿದ್ದ ಸದ್ದನ್ನೂ ಒತ್ತಿ ನಿಲ್ಲಿಸಿದ.

"ಸರಿ ಮಾಡ್ತೀನಿ," ಅಂದ. "ಮುಂದಿನ ವರ್ಷದ ಹೊತ್ತಿಗೆ ಮಾಡ್ತೀನಿ. ತುಂಬಾ ಉಪಕಾರ ಆಯ್ತು, ಮಿಸ್ಟರ್ ಬೆಟನ್‌ಕೋರ್ಟ್."

ಕಾರ್ಪೆಟ್ ಚೆನ್ನಾಗಿಲ್ಲ ಎಂದು ವಾಪಸ್ಸು ತರುವವರನ್ನು ಬಿಟ್ಟರೆ ಈವರೆಗೆ ಯಾರೂ ಅವನನ್ನು ಮಿಸ್ಟರ್ ಎಂದಿರಲಿಲ್ಲ. ನಡೀನ್ ತಮ್ಮ ಕಾರಿನ ಬಳಿಗೆ ವಾಪಸ್ಸು ಹೋಗಿ, ಕುರ್ಚಿ ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಗೇಟಿನ ಕಡೆ ಹೊರಟಳು. ಆಸ್ಟ್ರಾಂಡರ್‌ನ ಹಿಂದೆ ಇಬ್ಬರು ಟೋಪಿ ತೆಗೆದು ಕಾಯುತ್ತ ನಿಂತಿದ್ದರು, ಅವರ ಹಿಂದೆ ಮೂರನೆಯವನು ಸೇರಿಕೊಳ್ಳುತ್ತಿದ್ದ.

"ನಿಮ್ದು ಯಾವ್ದು?" ಲೈಲ್ ಮೊದಲಿನವನನ್ನು ಕೇಳಿದ.